ಕುಂದಿನ ಖಾತೆ

ಮಂಗಳವಾರಕ್ಕೊಂದು ಗಾನತಟ್ಟೆ.
ಎರವಲು ಕೊಡುವವನು ಗ್ರಂಥಾಲಯದ ರದೊಸ್ವಾವ್.
ಎರಡೂ ಕೈಯಲ್ಲಿ ಹಿಡಿದು ಕೊಡುತ್ತಾನೆ,
ಆಗತಾನೆ ಹುಟ್ಟಿದ್ದನ್ನು ಒಪ್ಪಿಸುವ ಸೂಲಗಿತ್ತಿಯ ಹಾಗೆ.
ಸಾಯುವ ಮೊದಲು ಕೇಳಲೇಬೇಕಾದ ನೂರು ಅಂತೆ.
ಅವನದೇ ಪಟ್ಟಿ, ಅವನದೇ ಹಟ.
ನಾನು ಮೂವತ್ತೇಳರವರೆಗೆ ಬಂದಿದ್ದೇನೆ, ಸತ್ತಿಲ್ಲ.

ಬರೆಯುವುದು ಹಳೆಯ ಗಿರಣಿ ಖಾತೆಯಲ್ಲಿ.
ಬೀಗ ಬಿದ್ದ ದಿನ ಒಬ್ಬೊಬ್ಬರೂ ಏನೇನೋ ಒಯ್ದರು,
ಕತ್ತರಿ, ಬಲ್ಬು, ಒಬ್ಬಳು ಗೋಡೆಯ ಗಡಿಯಾರವನ್ನೇ.
ನಾನು ಖಾಲಿ ಖಾತೆ ನಾಲ್ಕು.
ಹತ್ತು ವರ್ಷ ಮಗ್ಗ, ಹದಿನಾರು ವರ್ಷ ತಪಾಸಣೆಯ ಮೇಜು:
ಸರಿಯುವ ಥಾನಿನ ಮೇಲೆ ಅಂಗೈ ಆಡಿಸಿ
ಎಲ್ಲಿ ಎಳೆ ತಪ್ಪಿದೆ, ಎಲ್ಲಿ ಗಂಟು, ಎಲ್ಲಿ ಎಣ್ಣೆಯ ಕಲೆ,
ಸೀಮೆಸುಣ್ಣದಲ್ಲೊಂದು ಗೀಟು.
ಅಂಕಣಗಳು ಹಾಗೇ ಇವೆ. ಮಾಲು. ಕುಂದು. ಷರಾ.

ತಟ್ಟೆ ೪. ಪಿಯಾನೊ, ಒಬ್ಬನೇ.
ಕುಂದು: ಎಡಗೈ ಬಿಗಿ, ಬಲಗೈ ಸಡಿಲ.
ಷರಾ: ಮನೆಯಲ್ಲಿ ಜಗಳವಾಡಿ ಬಂದಿರಬೇಕು.

ತಟ್ಟೆ ೧೧. ಗಿಟಾರುಗಳು, ಕೂಗು.
ಕುಂದು: ಸಿಗಲಿಲ್ಲ. ಹಿಮದಲ್ಲಿ ಉಪ್ಪು ಹುಡುಕಿದಂತೆ.
ಷರಾ: ಕೆಳಮನೆಯವರು ಕೋಲಿನಿಂದ ಛಾವಣಿ ಬಡಿದರು.
ತಾಳ ಸರಿಯಿತ್ತು.

ತಟ್ಟೆ ೧೯. ಹೆಂಗಸು, ಯಾವ ಭಾಷೆಯೋ.
ಕುಂದು: ಮೂರನೆಯ ಹಾಡಿನ ನಡುವೆ ದನಿ ಎರಡಿಂಚು ಹರಿದಿದೆ.
ಷರಾ: ಅಲ್ಲೇ ಮುಳ್ಳು ಎತ್ತಿ ಮತ್ತೆ ಇಟ್ಟೆ. ಏಳು ಸಲ.
ಗಿರಣಿಯಲ್ಲಾಗಿದ್ದರೆ ಎರಡನೇ ದರ್ಜೆಗೆ ಹಾಕುತ್ತಿದ್ದೆ.

ಮೂವತ್ತೇಳಕ್ಕೆ ಬಂದು ನಿಂತೆ.
ರಟ್ಟಿನ ಹಿಂದೆ ಅಚ್ಚಾಗಿದೆ: ಕೊಳಲು, ಮುಂದೆ ನುಡಿಸಿದವನ ಹೆಸರು.
ಆ ಕೊಳಲಿಗೋಸ್ಕರವೇ ಈ ತಟ್ಟೆ, ಎಂದಿದ್ದ ರದೊಸ್ವಾವ್.
ಎರಡೂ ಮಗ್ಗುಲು ಕೇಳಿದೆ.
ಡೋಲು ಬಂತು, ದಪ್ಪ ತಂತಿ ಬಂತು,
ನಡುನಡುವೆ ಬರೀ ಖಾಲಿ.
ಲಾಳಿ ಓಡಿದೆ, ನೂಲಿಲ್ಲ.
ಬರೆದೆ: ಕೊಳಲು ಇಲ್ಲ. ಮೋಸದ ಮಾಲು. ವಾಪಸು.

ಅವನು ಓದಿದ, ನಗಲಿಲ್ಲ.
ಕಪಾಟಿನತ್ತ ತಿರುಗಿ ಏನೋ ಕೇಳಿದ.
ಏನೆಂದು ತಿಳಿಯಲಿಲ್ಲ.
ಇತ್ತ ತಿರುಗಿ ಮತ್ತೆ ಕೇಳಿದ:
"ಬೋಗುಮಿವಾ ಅವರೇ, ಮಗ್ಗದ ಮನೆಯಲ್ಲಿ ಎಷ್ಟು ವರ್ಷ?"
ಹತ್ತು, ಎಂದೆ.
ಅವನ ತುಟಿಯಿಂದ ನಾನು ಕಣ್ಣು ಕಿತ್ತಾಗ
ಇಬ್ಬರಿಗೂ ಒಟ್ಟಿಗೇ ಗೊತ್ತಾಯಿತು.

ನಾವೆಲ್ಲ ಹಾಗೇ ಮಾತಾಡುತ್ತಿದ್ದೆವಲ್ಲ,
ಆರುನೂರು ಮಗ್ಗ ಒಂದೇ ಸಮ ಹಲ್ಲು ಕಡಿಯುವಾಗ
ಎದುರು ಸಾಲಿನ ಲುತ್ಸಿನಾ
ಬಾಯಿ ಅಗಲಿಸಿ, ಸದ್ದೇ ಇಲ್ಲದೆ, ಗುಟ್ಟು ಹೇಳುವಳು:
ಮೇಸ್ತ್ರಿಯ ಕಟ್ಟಿಸಿದ ಹಲ್ಲು, ತನ್ನ ಮೂರನೆಯ ಬಸಿರು,
ನಾಲ್ಕು ತಾಸು ಸಾಲು ನಿಂತು ಸಿಕ್ಕ ನಿಂಬೆಹಣ್ಣು.
ಒಂದು ದಿನ ಹಾಡಿದಳು ಕೂಡ.
ಇಡೀ ಹಾಡು. ನೋಡಿದೆ.
ಯಾವ ಹಾಡೆಂದು ಕೇಳಬೇಕಿತ್ತು.
ಕೇಳಲಿಲ್ಲ.

ಈ ಊರು ವೂಚ್. ಹೆಸರಿಗೆ ದೋಣಿ ಎಂದರ್ಥ.
ದೋಣಿ ತೇಲುವಷ್ಟು ನೀರು ಕಣ್ಣಿಗೆ ಬೀಳುವುದಿಲ್ಲ.
ಗಿರಣಿ ದುಡಿಸಿಕೊಂಡ ಹೊಳೆಗಳನ್ನು
ನೆಲದಡಿಯ ಕೊಳವೆಗೆ ತಳ್ಳಿದ್ದಾರೆ.
ಟ್ರಾಮಿಗೆ ಕಾಯುವವರ ಕಾಲ ಕೆಳಗೆ ಹರಿಯುತ್ತಿರಬೇಕು.
ಯಾರೂ ಕೇಳಿಸಿಕೊಂಡಿಲ್ಲ.
ಹಾಗೆಂದು ಯಾರೂ ಇಲ್ಲವೆಂದು ಬರೆದಿಲ್ಲ.

ತಟ್ಟೆಯನ್ನು ಮತ್ತೆ ಮನೆಗೆ ತಂದೆ.
ಸ್ಪೀಕರಿನ ಮರಕ್ಕೆ ಅಂಗೈ ಇಟ್ಟೆ,
ಥಾನಿನ ಮೇಲಿಡುತ್ತಿದ್ದ ಹಾಗೆ, ಬೆರಳು ಬಿಡಿಸಿ.
ಡೋಲು ಮೊಣಕೈವರೆಗೆ ಬಂತು.
ತಂತಿ ಮಣಿಕಟ್ಟಿಗೆ.
ಕೊಳಲು ಉಗುರಿನ ತುದಿಗೂ ಇಲ್ಲ.
ಖಾತೆಯಲ್ಲಿ ಸುಳ್ಳು ಬರೆದವಳಲ್ಲ ನಾನು.

ತಟ್ಟೆ ೩೭. ತಿದ್ದುಪಡಿ.
ಕುಂದು: ತಪಾಸಣೆಯವಳದು.
ಷರಾ: ಖಾಲಿ ಬಂದಲ್ಲೆಲ್ಲ
ಕಿಟಕಿಯ ಮೇಲಿನ ಬೆಕ್ಕು ಕಿವಿ ತಿರುಗಿಸಿತು.
ಒಂಬತ್ತು ಸಲ. ಎಣಿಸಿ ಬರೆದಿದೆ.